ಆಫೀಸಿಗೆ ಸೈಕಲ್ ತುಳಿಯುವವರಿಗೆ

ಆಫೀಸಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆಂದು ಹೊರಟವರಲ್ಲಿ ಎಷ್ಟೋ ಜನ ಕೆಲವೇ ವಾರಗಳಲ್ಲಿ ಬಿಟ್ಟುಬಿಡುತ್ತಾರೆ. ಕಾಲು ಸೋತು ಬಿಟ್ಟವರು ಕಡಿಮೆ. ಬೆಳಿಗ್ಗೆ ಎಂಟೂವರೆಗೆ ನೋಡಿದರೆ ಗಾಳಿ ಇಳಿದ ಟೈರು, ಮೀಟಿಂಗಿನಲ್ಲಿ ಬೆನ್ನಿಗಂಟಿದ ಅಂಗಿ, ಸೈಕಲ್ ಕಟ್ಟಲು ಒಂದು ಕಂಬವೂ ಇಲ್ಲದ ಪಾರ್ಕಿಂಗು, ಹೊರಡುವ ಹೊತ್ತಿಗೇ ಹಿಡಿದ ಮಳೆ: ಬಿಡಿಸುವುದು ಇಂಥವೇ. ಒಂದೊಂದೂ ಸಣ್ಣದು, ಆದರೆ ಒಂದೇ ದಿನ ಎರಡು ಕೂಡಿಬಂದರೆ ಮರುದಿನದಿಂದ ಸೈಕಲ್ ಮೂಲೆ ಸೇರುತ್ತದೆ. ಹುರುಪು ಎಷ್ಟಿದ್ದರೂ ಏರ್ಪಾಡು ಇಲ್ಲದೆ ಇದು ನಡೆಯುವುದಿಲ್ಲ. ಇಲ್ಲಿರುವುದು ಆ ಏರ್ಪಾಡಿನ ವಿವರ.

ಮೊದಲು ದಾರಿ

ಮೊಬೈಲಿನ ನಕ್ಷೆ ತೋರಿಸುವ ಹತ್ತಿರದ ದಾರಿ ಬಹುಪಾಲು ಕಾರಿನ ದಾರಿ. ಸೈಕಲ್ಲಿಗೆ ಬೇಕಾದದ್ದು ಬೇರೆ: ವಾಹನಗಳು ನಿಧಾನ ಓಡುವ ಬೀದಿ, ದೊಡ್ಡ ಸರ್ಕಲ್ಲುಗಳು ಕಡಿಮೆ, ಎದುರಿನ ವಾಹನಸಾಲನ್ನು ದಾಟಿ ತಿರುಗಬೇಕಾದ ಕಡೆಗಳು ಆದಷ್ಟು ಕಡಿಮೆ, ಫ್ಲೈಓವರ್ ಇದ್ದರೆ ಅದರ ಕೆಳಗಿನ ರಸ್ತೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಒಂದು ಕಿಲೋಮೀಟರಿಗೆ ಹಿಡಿಯುವುದು 4 ನಿಮಿಷ. ಹಾಗಾಗಿ ಒಳಬೀದಿಗಳಲ್ಲಿ ಒಂದು ಕಿ.ಮೀ. ಸುತ್ತು ಬಿದ್ದರೂ ನಷ್ಟ 4 ನಿಮಿಷ ಮಾತ್ರ. ಮುಖ್ಯರಸ್ತೆಯ ಎರಡು ಸಿಗ್ನಲ್ ತಪ್ಪಿದರೆ ಅದೂ ವಾಪಸು ಬಂತು.

ರಜೆಯ ದಿನ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ. ಆದರೆ ಅಷ್ಟಕ್ಕೇ ದಾರಿ ಗೊತ್ತಾಯಿತೆಂದು ತಿಳಿಯಬೇಡಿ. ಭಾನುವಾರ ಖಾಲಿಯಿದ್ದ ಬೀದಿಯಲ್ಲಿ ಕೆಲಸದ ದಿನ ಶಾಲೆಯ ಬಸ್ಸುಗಳು ಸಾಲುಗಟ್ಟಿರಬಹುದು. ಆಫೀಸಿನ ಹೊತ್ತಿನಲ್ಲೇ ಇನ್ನೊಮ್ಮೆ ತುಳಿದು ನೋಡಬೇಕು. ಸಂಜೆಯ ದಾರಿ ಬೆಳಗಿನದೇ ಆಗಬೇಕೆಂದಿಲ್ಲ; ಬೆಳಿಗ್ಗೆ ಸುಖವಾಗಿ ಇಳಿದ ಇಳಿಜಾರು ಸಂಜೆ ಏರಾಗಿರುತ್ತದೆ, ಬೀದಿದೀಪವಿಲ್ಲದ ಕಡೆ ಕತ್ತಲೂ ಸೇರುತ್ತದೆ.

ಸಿಗ್ನಲ್ ನಿಲುಗಡೆ ಸೇರಿ ದೊಡ್ಡ ನಗರದಲ್ಲಿ ಸರಾಸರಿ 12ರಿಂದ 15 ಕಿ.ಮೀ. ವೇಗ ಹಿಡಿದು ಲೆಕ್ಕ ಹಾಕಿ. 8 ಕಿ.ಮೀ. ದೂರಕ್ಕೆ 32ರಿಂದ 40 ನಿಮಿಷ. ಈ ಲೆಕ್ಕ ದಿನದಿಂದ ದಿನಕ್ಕೆ ಹೆಚ್ಚು ಏರುಪೇರಾಗುವುದಿಲ್ಲ, ಸೈಕಲ್ಲಿನ ನಿಜವಾದ ಸುಖ ಇರುವುದು ಅಲ್ಲೇ. ಕಾರಿನವರಿಗೆ ಇಂದು ಅರ್ಧ ಗಂಟೆಯಾದದ್ದು ನಾಳೆ ಒಂದೂಕಾಲು ಗಂಟೆಯಾಗಬಹುದು. ಸೈಕಲ್ಲಿನವರು 'ಒಂಬತ್ತೂಕಾಲಿಗೆ ಬರುತ್ತೇನೆ' ಎಂದು ಹೇಳಿ ಒಂಬತ್ತೂಕಾಲಿಗೇ ಬಂದು ನಿಲ್ಲಬಹುದು.

ವೇಗದ ಹುಚ್ಚು ಬೇಡ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. 20ರಿಂದ 25 ಕಿ.ಮೀ.ಗೆ ಹೋದರೆ ಆ ಒಂದು ಖರ್ಚೇ ಹೆಚ್ಚುಕಡಿಮೆ ಇಮ್ಮಡಿ. 8 ಕಿ.ಮೀ.ನಲ್ಲಿ ಅದರಿಂದ ಉಳಿಯುವುದು 5 ನಿಮಿಷಕ್ಕಿಂತ ಕಡಿಮೆ, ಅದನ್ನೂ ಮುಂದಿನ ಕೆಂಪುದೀಪ ನುಂಗಿಹಾಕುತ್ತದೆ. ಕೋಪನ್‌ಹೇಗನ್ನಿನ ನೋರೆಬ್ರೊಗೇಡ್ ರಸ್ತೆಯಲ್ಲಿ ಸೈಕಲ್ಲಿನವರಿಗೆ ಒಂದರ ಹಿಂದೊಂದು ಹಸಿರುದೀಪ ಸಿಗಲೆಂದು ಸಿಗ್ನಲ್ಲುಗಳನ್ನು ಹೊಂದಿಸಿರುವುದು ಗಂಟೆಗೆ 20 ಕಿ.ಮೀ. ವೇಗಕ್ಕೆ. ಸೈಕಲ್ ನಗರವೆಂದು ಹೆಸರಾದ ಕಡೆಯೇ ಅಷ್ಟು ಸಾಕು.

ಸೈಕಲ್ ಯಾವುದು, ಸೀಟು ಎಷ್ಟೆತ್ತರ

ಹಳೆಯ ಸೈಕಲ್ ಮನೆಯಲ್ಲಿದ್ದರೆ ಅದೇ ಆಗಲಿ. ಹೊಸದು ಕೊಳ್ಳುವುದಾದರೆ 32ರಿಂದ 40 ಮಿ.ಮೀ. ಅಗಲದ ಟೈರು ಹಿಡಿಸುವ ಹೈಬ್ರಿಡ್ ಅಥವಾ ಸಿಟಿ ಬೈಕು ಸಾಕು. ಮುಂದಿನ ಫೋರ್ಕಿಗೆ ಸಸ್ಪೆನ್ಷನ್ ಇದ್ದರೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಅಗ್ಗದ ಸೈಕಲ್ಲಿನಲ್ಲಂತೂ ಅದು ಬರೀ ಭಾರ. ನೋಡಲೇಬೇಕಾದದ್ದು ಬೇರೆ: ಹಿಂಚಕ್ರದ ಹತ್ತಿರ ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸುವ, ತಿರುಪಿನ ಎಳೆಯಿರುವ ತೂತುಗಳು ಫ್ರೇಮಿನಲ್ಲಿ ಇವೆಯೇ ಎಂದು. ಅವಿಲ್ಲದ ಸೈಕಲ್ಲಿಗೆ ಆಮೇಲೆ ಕ್ಯಾರಿಯರ್ ಜೋಡಿಸುವುದು ಒದ್ದಾಟ. ಸಮತಟ್ಟಾದ ನಗರಕ್ಕೆ ಹಿಂದೆ 7 ಅಥವಾ 8 ಗೇರು, ಮುಂದೆ ಒಂದೇ ಹಲ್ಲುಚಕ್ರ ಸಾಕು. ಏರುಪೇರಿನ ಊರಾದರೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳು ಮುಂದಿನ ಅತಿ ಚಿಕ್ಕದರಷ್ಟಾದರೂ ಇರಬೇಕು.

ಮಂಡಿ ನೋವೆಂದು ಸೈಕಲ್ ಬಿಟ್ಟವರ ಸೀಟನ್ನು ನೋಡಿದರೆ ಬಹಳ ಸಲ ಅದು ತೀರಾ ಕೆಳಗಿರುತ್ತದೆ. ನಿಂತಾಗ ಎರಡು ಕಾಲೂ ನೆಲಕ್ಕೆ ಊರಬೇಕೆಂಬ ಆಸೆಯಿಂದ ಹಾಗೆ ಇಟ್ಟಿರುತ್ತಾರೆ. ಸರಿಯಾದ ಎತ್ತರ ಕಂಡುಕೊಳ್ಳುವುದು ಹೀಗೆ: ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ತೊಡೆಗಳ ನಡುವೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ 70.6 ಸೆಂ.ಮೀ. ಪೆಡಲನ್ನು ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕು, ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟಿರಬೇಕು. ಟೇಪು ಸಿಗದಿದ್ದರೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ಒತ್ತಿ. ತೀರಾ ಕೆಳಗೆ ಬಂದಾಗ ಕಾಲು ನೆಟ್ಟಗಾದರೆ ಸರಿ. ತುಳಿಯುವಾಗ ಪೆಡಲಿನ ಮೇಲಿರುವುದು ಪಾದದ ಮುಂಭಾಗವಾದ್ದರಿಂದ ಮಂಡಿ ತಾನಾಗಿ ಸ್ವಲ್ಪ ಬಾಗಿರುತ್ತದೆ.

ಮಂಡಿಯ ಮುಂದೆ ನೋವಾದರೆ ಸೀಟು ಕೆಳಗಿದೆ. ಮಂಡಿಯ ಹಿಂದೆ ಸೆಳೆತ ಬಂದರೆ ಅಥವಾ ಸೊಂಟ ಅತ್ತಿತ್ತ ಜೋಲಾಡಿದರೆ ಮೇಲಿದೆ. ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಸೀಟಿನ ಕಂಬಿಯ ಮೇಲೆ ಇಷ್ಟಕ್ಕಿಂತ ಹೊರಗೆಳೆಯಬಾರದೆಂಬ ಗೆರೆ ಇರುತ್ತದೆ, ಅದು ಕಣ್ಣಿಗೆ ಬೀಳಬಾರದು. ಅಂಗೈ ಜೋಮು ಹಿಡಿಯುತ್ತಿದ್ದರೆ ಸೀಟಿನ ಮೂತಿ ಕೆಳಮುಖವಾಗಿದೆಯೇ ನೋಡಿ. ಹಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಮೇಲೆ ಬೀಳುತ್ತದೆ.

ಗೇರು ಹಗುರವಿರಲಿ. ನಿಮಿಷಕ್ಕೆ 70ರಿಂದ 90 ಸುತ್ತು ಕಾಲು ತಿರುಗುವಷ್ಟು ಹಗುರ. ಗಟ್ಟಿ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು ಗಂಡಸುತನವೇನಲ್ಲ, ಮಂಡಿಚಿಪ್ಪಿಗೆ ಹಿಂಸೆ ಅಷ್ಟೆ.

ಗಾಳಿ ಮತ್ತು ಪಂಚರು

ತಡವಾಗುವುದಕ್ಕೆ ಮುಖ್ಯ ಕಾರಣ ಟೈರು. ಟ್ಯೂಬಿನ ರಬ್ಬರು ಸೋರದಿದ್ದರೂ ಗಾಳಿ ಅದರೊಳಗಿಂದ ಮೆಲ್ಲಗೆ ಹೊರಹೋಗುತ್ತಲೇ ಇರುತ್ತದೆ. ಅದಕ್ಕೆ ವಾರಕ್ಕೊಮ್ಮೆ, ಮಾಪಕವಿರುವ ನಿಲುವು ಪಂಪಿನಿಂದ ಗಾಳಿ ಹೊಡೆಯಬೇಕು. ಹೆಬ್ಬೆರಳಲ್ಲಿ ಒತ್ತಿ ನೋಡುವುದು ಪೂರಾ ಚಪ್ಪಟೆಯಾಗಿದೆಯೇ ಎಂದು ತಿಳಿಯಲು ಸಾಕು, ಮಾಪಕದ ಒತ್ತಡದ ಅಳತೆಯಲ್ಲಿ (ಪಿ.ಎಸ್.ಐ.) 40ಕ್ಕೂ 60ಕ್ಕೂ ವ್ಯತ್ಯಾಸ ತಿಳಿಯಲು ಸಾಲದು. 70 ಕೆ.ಜಿ. ಆಸುಪಾಸಿನವರು ಶುರು ಮಾಡಬಹುದಾದ ಲೆಕ್ಕ: 28 ಮಿ.ಮೀ. ಟೈರಿಗೆ 75ರಿಂದ 85 ಪಿ.ಎಸ್.ಐ., 32ಕ್ಕೆ 60ರಿಂದ 70, 35ರಿಂದ 38ಕ್ಕೆ 50ರಿಂದ 60, ಎರಡಿಂಚು ದಪ್ಪದ್ದಕ್ಕೆ 35ರಿಂದ 45. ಇದು ಹಿಂಚಕ್ರಕ್ಕೆ, ಮುಂಚಕ್ರಕ್ಕೆ ಹತ್ತನೇ ಒಂದು ಪಾಲು ಕಡಿಮೆ ಸಾಕು. ಲ್ಯಾಪ್‌ಟಾಪು, ಊಟದ ಡಬ್ಬಿ ಎಲ್ಲ ಕ್ಯಾರಿಯರಿಗೆ ಹೇರುವವರು ಹಿಂದೆ ಸ್ವಲ್ಪ ಹೆಚ್ಚಿಸಿ. ಟೈರಿನ ಬದಿಯಲ್ಲಿ ಅಚ್ಚೊತ್ತಿರುವುದು ಗರಿಷ್ಠ ಮಿತಿ, ಹಾಕಲೇಬೇಕಾದ ಗಾಳಿಯಲ್ಲ. ಅಷ್ಟಕ್ಕೂ ತುಂಬಿದರೆ ಪ್ರತಿ ಉಬ್ಬೂ ಬೆನ್ನುಹುರಿಗೆ ಹೊಡೆಯುತ್ತದೆ.

ಪಂಚರಾದ ಟ್ಯೂಬನ್ನು ಎಸೆಯುವ ಮೊದಲು ತೂತು ನೋಡಿ, ಕಾರಣ ಅಲ್ಲೇ ಇರುತ್ತದೆ. ಹೊರಮೈಯಲ್ಲಿ ಒಂದೇ ತೂತಾದರೆ ಮುಳ್ಳು, ಗಾಜು, ತಂತಿ. ಪಕ್ಕಪಕ್ಕ ಎರಡು ಸೀಳಾದರೆ ಗಾಳಿ ಕಡಿಮೆಯಿದ್ದಾಗ ಗುಂಡಿಯ ಅಂಚಿಗೆ ಬಡಿದು ರಿಮ್ಮು ಟ್ಯೂಬನ್ನು ಕಚ್ಚಿದೆ. ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆ ತೂತಿದ್ದರೆ ಚಕ್ರದ ಕಡ್ಡಿಗಳ (ಸ್ಪೋಕುಗಳ) ತುದಿ ಮುಚ್ಚುವ ಪಟ್ಟಿ ಸರಿದಿದೆ. ಪಟ್ಟಿ ಸರಿಮಾಡದೆ ಎಷ್ಟು ಟ್ಯೂಬು ಹಾಕಿದರೂ ಅದೇ ಪಾಡು. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪಂಪು ಹೊಡೆಯುವಾಗ ವಾಲ್ವನ್ನು ಅತ್ತಿತ್ತ ಎಳೆದಾಡಿದ್ದೀರಿ, ಅದಕ್ಕೆ ಪ್ಯಾಚು ನಿಲ್ಲುವುದಿಲ್ಲ.

ರಸ್ತೆಯಲ್ಲಿ ಪ್ಯಾಚು ಹಾಕುತ್ತ ಕೂರಬೇಡಿ. ಟ್ಯೂಬೇ ಬದಲಿಸಿ, ಪ್ಯಾಚು ಮನೆಯಲ್ಲಿ. ಚೀಲದಲ್ಲಿ ಸದಾ ಇರಬೇಕಾದದ್ದು ನಿಮ್ಮ ಟೈರಿನ ಅಳತೆಯ ಒಂದು ಟ್ಯೂಬು, ಎರಡು ಟೈರ್ ಲಿವರು, ಕೈಪಂಪು, 4, 5, 6 ಮಿ.ಮೀ. ಅಲನ್ ಕೀ ಇರುವ ಮಡಚುವ ಟೂಲು, ಚಕ್ರಕ್ಕೆ ನಟ್ಟು ಇದ್ದರೆ 15 ಮಿ.ಮೀ. ಸ್ಪ್ಯಾನರು, ಒಂದು ಜೊತೆ ರಬ್ಬರ್ ಕೈಗವಸು. ಟ್ಯೂಬಿನ ವಾಲ್ವೂ ಪಂಪಿನ ಬಾಯಿಯೂ ಹೊಂದುತ್ತವೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ: ಕಾರಿನದರಂತೆ ದಪ್ಪನೆಯದು ಒಂದು ಬಗೆ, ಮೇಲೊಂದು ಪುಟ್ಟ ತಿರುಪಿರುವ ಸಪೂರದ್ದು ಇನ್ನೊಂದು. ಸಪೂರದ್ದರಲ್ಲಿ ಆ ತಿರುಪು ಸಡಿಲಿಸದೆ ಗಾಳಿ ಒಳಹೋಗುವುದಿಲ್ಲ.

ಹಿಂಚಕ್ರವಾದರೆ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಬಿಚ್ಚುವುದೂ ಕೂರಿಸುವುದೂ ಸಲೀಸು. ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಿದ್ದರೆ ಅದರ ಕೇಬಲ್ ಕಳಚಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿದ್ದರೆ ಚಕ್ರ ಹೊರಗಿರುವಾಗ ಬ್ರೇಕ್ ಲಿವರನ್ನು ಅಪ್ಪಿತಪ್ಪಿಯೂ ಹಿಚುಕಬೇಡಿ. ಪ್ಯಾಡುಗಳು ಒಂದಕ್ಕೊಂದು ಸೇರಿಕೊಂಡು ಡಿಸ್ಕು ಒಳಹೋಗದಂತಾಗುತ್ತದೆ.

ಗಾಳಿ ಪೂರ್ತಿ ಬಿಟ್ಟು, ಟೈರಿನ ಎರಡೂ ಅಂಚುಗಳನ್ನು ಸುತ್ತಲೂ ಹಿಸುಕಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ. ಲಿವರು ಮುರಿಯುವುದು, ಬೆರಳಿನ ಚರ್ಮ ಸುಲಿಯುವುದು ಎಲ್ಲ ಈ ಒಂದು ಹೆಜ್ಜೆ ಬಿಟ್ಟವರಿಗೆ. ತಗ್ಗಿಗೆ ಇಳಿದರೆ ಎದುರು ಬದಿಯಲ್ಲಿ ಟೈರಿಗೆ ಕೆಲವು ಮಿ.ಮೀ. ಸಡಿಲ ಸಿಗುತ್ತದೆ. ವಾಲ್ವಿನಿಂದ ದೂರದಲ್ಲಿ ಒಂದು ಲಿವರು ತೂರಿಸಿ, ಅದರಿಂದ 10 ಸೆಂ.ಮೀ. ಆಚೆ ಇನ್ನೊಂದು, ಎರಡನೆಯದನ್ನು ಹಾಗೇ ಸರಿಸುತ್ತ ಹೋದರೆ ಒಂದು ಬದಿ ಪೂರ್ತಿ ಹೊರಬರುತ್ತದೆ.

ಟ್ಯೂಬು ತೆಗೆದ ಮೇಲೆ ಟೈರಿನ ಒಳಮೈಯನ್ನು ಬಟ್ಟೆಯಿಂದ ನಿಧಾನ ಸವರಿ. ಮುಳ್ಳಿನ ಮೊನೆಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಬರಿ ಬೆರಳಾದರೆ ಬೆರಳೇ ಸಿಕ್ಕಿಕೊಂಡೀತು. ಹೊಸ ಟ್ಯೂಬು ಹಾಕಿ ನೂರು ಮೀಟರು ಹೋಗುವಷ್ಟರಲ್ಲಿ ಮತ್ತೆ ಪಂಚರಾಯಿತು ಎನ್ನುವವರು ಹಳೆಯ ಮುಳ್ಳನ್ನು ಅಲ್ಲೇ ಬಿಟ್ಟಿರುತ್ತಾರೆ. ಟೈರು ಕೂರಿಸುವಾಗಲೆಲ್ಲ ಅದರ ಬದಿಯ ಕಂಪನಿ ಹೆಸರನ್ನು ವಾಲ್ವಿನ ನೇರಕ್ಕೆ ಇಡುವ ಅಭ್ಯಾಸವಿದ್ದರೆ, ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿದರಾಯಿತು.

ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಕೊಟ್ಟು ಒಳಗೆ ಕೂರಿಸಿ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಒಳಸೇರಿಸುತ್ತ ಬಂದು ವಾಲ್ವಿನ ಹತ್ತಿರ ಮುಗಿಸಿ. ವಾಲ್ವಿರುವ ಕಡೆ ಅಂಚು ತಗ್ಗಿಗೆ ಇಳಿಯಲಾರದು, ಅದಕ್ಕೇ ಅದು ಕೊನೆಗೆ. ಕೊನೆಯ ಗೇಣಿಗೆ ಲಿವರು ಬಳಸಿದರೆ ಹೊಸ ಟ್ಯೂಬೇ ಕಚ್ಚಿಹೋಗುವುದುಂಟು; ಎರಡೂ ಹೆಬ್ಬೆರಳು ಕೊಟ್ಟು ಉರುಳಿಸಿ. ಆಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಮತ್ತೆ ಹೊರಗೆಳೆದು, ಟ್ಯೂಬು ಎಲ್ಲೂ ಅಂಚಿನಡಿ ಸಿಕ್ಕಿಲ್ಲವೆಂದು ಎರಡೂ ಬದಿ ನೋಡಿ. ಅರ್ಧ ಗಾಳಿ ಹೊಡೆದು, ರಿಮ್ಮಿನ ಪಕ್ಕದ ಗೆರೆ ಸುತ್ತಲೂ ಸಮವಾಗಿದೆಯೇ ಎಂದು ಚಕ್ರ ತಿರುಗಿಸಿ ನೋಡಿ, ನಂತರ ಪೂರ್ತಿ ಹೊಡೆಯಿರಿ. ಎರಡು ಸಲ ಮನೆಯಲ್ಲಿ ಮಾಡಿದವರಿಗೆ ರಸ್ತೆಯಲ್ಲಿ ಇದು ಕಾಲು ಗಂಟೆಯ ಕೆಲಸ.

ಸಂಜೆ ಪ್ಯಾಚು ಹಾಕುವಾಗ ತೂತಿನ ಸುತ್ತ, ಪ್ಯಾಚಿಗಿಂತ ಅಗಲಕ್ಕೆ, ಉಪ್ಪುಕಾಗದದಿಂದ ಉಜ್ಜಿ ಹೊಳಪು ತೆಗೆಯಿರಿ. ಸೊಲ್ಯೂಷನ್ ತೆಳ್ಳಗೆ ಸವರಿ ಐದು ನಿಮಿಷ ಬಿಡಿ. ಹಸಿಯಿರುವಾಗಲೇ ಅಂಟಿಸಿದ್ದೇ ಪ್ಯಾಚು ಎದ್ದುಬರಲು ಕಾರಣ. ಮಿರುಗು ಹೋಗಿ ಮಂಕಾದ ಮೇಲೆ ಪ್ಯಾಚಿಟ್ಟು ನಡುವಿನಿಂದ ಅಂಚಿನತ್ತ ಗಟ್ಟಿಯಾಗಿ ಒತ್ತಿ. ಒಮ್ಮೆ ತೆರೆದ ಸೊಲ್ಯೂಷನ್ ಕೆಲವು ತಿಂಗಳಲ್ಲಿ ಒಣಗಿಹೋಗುತ್ತದೆ, ಮನೆಯಲ್ಲಿ ತೆರೆಯದ್ದೊಂದಿರಲಿ.

ದಿನಾ ತುಳಿಯುವವರು ಖರ್ಚು ಮಾಡಲೇಬೇಕಾದ ಕಡೆ ಯಾವುದೆಂದರೆ ಒಳಪದರ ದಪ್ಪಗಿರುವ ಪಂಚರ್ ತಡೆಯುವ ಟೈರು. ಸ್ವಲ್ಪ ಭಾರ, ಸ್ವಲ್ಪ ಬಿರುಸು, ಆದರೆ ಬೆಳಗಿನ ನೆಮ್ಮದಿ ಅದರಲ್ಲಿದೆ. ವಾರಕ್ಕೊಮ್ಮೆ ಗಾಳಿ ಹೊಡೆಯುವಾಗಲೇ ಚಕ್ರ ತಿರುಗಿಸುತ್ತ ಟೈರಿಗೆ ಕಚ್ಚಿಕೊಂಡ ಗಾಜಿನ ಚೂರುಗಳನ್ನು ಚೂಪು ಕಡ್ಡಿಯಿಂದ ಕೆದಕಿ ತೆಗೆಯಿರಿ. ಎಷ್ಟೋ ಚೂರುಗಳು ಒಳಗಿಳಿದು ಟ್ಯೂಬು ಮುಟ್ಟಲು ದಿನಗಟ್ಟಲೆ ತೆಗೆದುಕೊಳ್ಳುತ್ತವೆ.

ಚೈನು, ಬ್ರೇಕು

ಚೈನಿಗೆ ಎಣ್ಣೆ ಸುರಿಯುವುದಲ್ಲ, ಪ್ರತಿ ಉರುಳೆಗೆ ಒಂದು ಹನಿ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಹನಿಸಿ, ಹತ್ತು ನಿಮಿಷ ಬಿಟ್ಟು, ಹೊರಮೈಯನ್ನು ಬಟ್ಟೆಯಿಂದ ಒಣಗುವಷ್ಟು ಒರೆಸಿ. ಎಣ್ಣೆ ಬೇಕಾದದ್ದು ಒಳಗಿನ ಪಿನ್ನಿಗೆ. ಹೊರಗೆ ಉಳಿದದ್ದು ದೂಳು ಹಿಡಿದು ಸಾಣೆಯಂತೆ ಚೈನನ್ನೇ ಸವೆಸುತ್ತದೆ. 150ರಿಂದ 200 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅದೇ ಸಂಜೆ. ತುಕ್ಕು ಬಿಡಿಸುವ ಸ್ಪ್ರೇ ಚೈನಿನ ಎಣ್ಣೆಯಲ್ಲ. ಸವೆತ ಅಳೆಯಲು ಇಂಚಿನ ಸ್ಕೇಲು ಸಾಕು: ಒಂದು ಪಿನ್ನಿನ ನಡುವಿನಿಂದ ಮುಂದಿನ 24ನೇ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಾದ ದಿನ ಚೈನು ಬದಲಿಸಿ. ಎಂಟನೇ ಒಂದು ಪಾಲಾಗುವವರೆಗೆ ಕಾದರೆ ಹಲ್ಲುಚಕ್ರಗಳೂ ಸವೆದು, ಹೊಸ ಚೈನು ಅವುಗಳ ಮೇಲೆ ಜಾರುತ್ತದೆ. ಆಗ ಎರಡೂ ಬದಲಿಸಬೇಕು.

ಬ್ರೇಕ್ ಲಿವರು ಹ್ಯಾಂಡಲ್ಲಿಗೆ ತಾಗುವಷ್ಟು ಒಳಬರುತ್ತಿದ್ದರೆ ಕೇಬಲ್ಲಿನ ತುದಿಯ ತಿರುಪನ್ನು ಹೊರಕ್ಕೆ ತಿರುಗಿಸಿ ಬಿಗಿ ಮಾಡಿ. ರಿಮ್ ಬ್ರೇಕಿನ ಪ್ಯಾಡಿನಲ್ಲಿ ಗೀರುಗಳು ಮಾಯವಾಗಿದ್ದರೆ, ಡಿಸ್ಕಿನ ಪ್ಯಾಡಿನಲ್ಲಿ ಉಜ್ಜುವ ಪದರ 1 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಹೊಸದು ಹಾಕಿ. ಡಿಸ್ಕಿಗೆ ಎಣ್ಣೆ ಕೈ ತಾಗಿಸಬೇಡಿ. ಕಿರುಗುಡುವುದಷ್ಟೇ ಅಲ್ಲ, ಹಿಡಿತವೇ ಹೋಗುತ್ತದೆ. ನಿಲ್ಲಿಸುವ ಬಲದ ದೊಡ್ಡ ಪಾಲು ಮುಂದಿನ ಬ್ರೇಕಿನದು. ಮುಂದಿನದನ್ನು ಹಿಡಿದರೆ ಮಗುಚಿ ಬೀಳುತ್ತೇವೆಂಬ ಭಯಕ್ಕೆ ಹಿಂದಿನದನ್ನಷ್ಟೇ ಹಿಡಿಯುವವರ ಚಕ್ರ ಜಾರುತ್ತದೆ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಬಿಗಿಮಾಡುತ್ತ, ಮೈಯನ್ನು ಹಿಂದಕ್ಕೆ ಸರಿಸಿ ಹಿಡಿಯುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ.

ರಸ್ತೆಯ ಮೇಲೆ

ಹೊಸಬರು ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗುತ್ತಾರೆ. ಅದು ಸುರಕ್ಷಿತವೆನ್ನಿಸುತ್ತದೆ, ಆದರೆ ಅಲ್ಲ. ಗಾಜು, ಮರಳು, ಮೋರಿಯ ಜಾಲರಿ ಎಲ್ಲ ಇರುವುದು ಅಂಚಿನಲ್ಲೇ. ಜೊತೆಗೆ, ಪಕ್ಕಕ್ಕೆ ಸರಿಯಲು ಜಾಗವೇ ಉಳಿಯುವುದಿಲ್ಲ, ಹಿಂದಿನಿಂದ ಬರುವ ಕಾರಿಗೆ 'ಇಷ್ಟರಲ್ಲೇ ನುಗ್ಗಬಹುದು' ಎಂಬ ಆಸೆ ಹುಟ್ಟುತ್ತದೆ. ಅಂಚಿನಿಂದ ಮುಕ್ಕಾಲು ಮೀಟರಿನಿಂದ ಒಂದು ಮೀಟರು ಒಳಗಿರಿ. ಕಾರೂ ಸೈಕಲ್ಲೂ ಜೊತೆಯಾಗಿ ಹಿಡಿಸದಷ್ಟು ಕಿರಿದಾದ ಕಡೆ ಸಾಲಿನ ನಡುವೆಯೇ ಹೋಗಿ, ಅಗಲವಾದೊಡನೆ ಬದಿಗೆ ಬನ್ನಿ. ಹಿಂದಿನವರು ಹಾರ್ನ್ ಹೊಡೆದಾರು, ಹೊಡೆಯಲಿ. ಹಾರ್ನ್ ಹೊಡೆದವರು ನಿಮ್ಮನ್ನು ನೋಡಿದ್ದಾರೆ ಎಂದಾಯಿತು.

ನಿಂತ ಕಾರುಗಳ ಸಾಲು ಚಲಿಸುವ ಕಾರುಗಳಿಗಿಂತ ಮೋಸದ್ದು. ತೆರೆದ ಬಾಗಿಲು ಒಂದು ಮೀಟರಿಗೂ ಹೆಚ್ಚು ಹೊರಚಾಚಬಹುದು. ನಿಮ್ಮ ಹ್ಯಾಂಡಲ್ಲಿನ ತುದಿ ಕಾರಿನಿಂದ 1.2 ಮೀಟರಾದರೂ ದೂರವಿರಲಿ. ಸೀಟಿನಲ್ಲಿ ತಲೆ ಕಾಣುತ್ತಿದೆಯೇ, ಬ್ರೇಕ್‌ದೀಪ ಈಗಷ್ಟೇ ಆರಿತೇ, ಮುಂದಿನ ಚಕ್ರ ರಸ್ತೆಯತ್ತ ತಿರುಗಿದೆಯೇ ಎಂದು ನೋಡುತ್ತಿರಿ. ಎರಡು ಕಾರುಗಳ ನಡುವೆ ಖಾಲಿ ಜಾಗ ಬಂದಾಗ ಒಳಗೆ ಹೋಗಿ ಮತ್ತೆ ಹೊರಬರುವುದು ಬೇಡ. ಹಿಂದಿನವರ ಕಣ್ಣಿನಿಂದ ಮರೆಯಾಗಿ ದಿಢೀರನೆ ಎದುರಾಗುವುದು ಹಾಗೆಯೇ. ನೀವೇ ಕಾರಿನಲ್ಲಿ ಕೂತ ದಿನ ಬಾಗಿಲನ್ನು ಅದರಿಂದ ದೂರದ ಕೈಯಿಂದ ತೆರೆಯಿರಿ. ಮೈ ತಾನಾಗಿ ತಿರುಗಿ ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಡಚ್ಚರ ಹೆಸರಿನಲ್ಲಿ ಹರಡಿರುವ ಪದ್ಧತಿಯಿದು.

ಬಸ್ಸು, ಲಾರಿಗಳ ವಿಷಯದಲ್ಲಿ ಒಂದೇ ನಿಯಮ, ಅದಕ್ಕೆ ವಿನಾಯಿತಿಯಿಲ್ಲ: ತಿರುವಿನಲ್ಲಿ ಅವುಗಳ ಒಳಬದಿಗೆ ಹೋಗಬೇಡಿ. ಉದ್ದನೆಯ ವಾಹನ ತಿರುಗುವಾಗ ಹಿಂಚಕ್ರ ಮುಂಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ನಿಂತಾಗ ಇದ್ದ ಎರಡು ಮೀಟರು ಜಾಗ ತಿರುಗುವಷ್ಟರಲ್ಲಿ ಮಾಯ. ಅದೇ ಕಡೆ ಚಾಲಕರ ಕನ್ನಡಿಗೂ ಕಾಣದ ಜಾಗವಿರುತ್ತದೆ. ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣದಿದ್ದರೆ ಅವರಿಗೆ ನೀವೂ ಕಾಣುವುದಿಲ್ಲ. ಸಿಗ್ನಲ್ಲಿನಲ್ಲಿ ಹಿಂದೆಯೇ ನಿಲ್ಲಿ.

ಎದುರು ಸಾಲು ದಾಟಿ ತಿರುಗಬೇಕಾದ ದೊಡ್ಡ ಸರ್ಕಲ್ಲಿನಲ್ಲಿ ಧೈರ್ಯ ಸಾಲದಿದ್ದರೆ ಎರಡು ಹಂತದಲ್ಲಿ ತಿರುಗಿ: ನೇರ ದಾಟಿ ಆಚೆಯ ಮೂಲೆಯಲ್ಲಿ ನಿಂತು, ಸೈಕಲ್ಲನ್ನು ಹೋಗಬೇಕಾದ ದಿಕ್ಕಿಗೆ ತಿರುಗಿಸಿಕೊಂಡು ಮುಂದಿನ ಹಸಿರಿಗೆ ಹೊರಡಿ. ಒಂದು ಸಿಗ್ನಲ್ ನಷ್ಟ, ಅಷ್ಟೆ. ಒಳಬೀದಿಯಲ್ಲಾದರೂ ತಿರುಗುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡಿ, ಕೈ ತೋರಿಸಿ, ಮತ್ತೊಮ್ಮೆ ನೋಡಿ ಸರಿಯಿರಿ. ಹಿಂದೆ ನೋಡುವಾಗ ಹ್ಯಾಂಡಲ್ ನೋಟದ ಕಡೆಗೇ ಎಳೆಯುತ್ತದೆ. ನೆಲದ ಮೇಲಿನ ಗೆರೆಯೊಂದರ ಮೇಲೆ ನೇರ ಹೋಗುತ್ತ ಹಿಂದೆ ನೋಡುವುದನ್ನು ಅಭ್ಯಾಸ ಮಾಡಿ. ಸಿಗ್ನಲ್ಲಿಗೆ ಬಂದು ನಿಲ್ಲುವ ಮೊದಲೇ ಗೇರು ಇಳಿಸಿರಬೇಕು, ನಿಂತ ಮೇಲೆ ಚೈನು ಸರಿಯುವುದಿಲ್ಲ.

ಗುಂಡಿ ಎದುರಾದಾಗ ಥಟ್ಟನೆ ಪಕ್ಕಕ್ಕೆ ಹೊರಳುವುದು ಗುಂಡಿಗಿಂತ ಅಪಾಯ. ತಪ್ಪಿಸಲಾಗದಿದ್ದರೆ ತುಳಿಯುವುದು ನಿಲ್ಲಿಸಿ, ಎರಡೂ ಪೆಡಲು ಸಮಮಟ್ಟಕ್ಕೆ ತಂದು, ಸೀಟಿನಿಂದ ಸ್ವಲ್ಪ ಮೇಲೆದ್ದು, ಮೊಣಕೈ ಸಡಿಲಬಿಟ್ಟು ನೇರ ದಾಟಿ. ಗುಂಡಿಯೊಳಗೆ ಬ್ರೇಕು ಹಿಡಿಯಬೇಡಿ. ಟ್ರಾಮ್ ಹಳಿ, ಉದ್ದುದ್ದ ಸಂದುಗಳ ಜಾಲರಿ ಸಿಕ್ಕರೆ ಆದಷ್ಟೂ ಅಡ್ಡಲಾಗಿ, ಲಂಬಕೋನಕ್ಕೆ ಹತ್ತಿರವಾಗಿ ದಾಟಬೇಕು. ಓರೆಯಾಗಿ ಹೋದರೆ ಚಕ್ರ ಸಂದಿನಲ್ಲಿ ಸಿಕ್ಕಿ ಬೀಳುವುದು ಖಾತ್ರಿ. ಕಿವಿಗೆ ಇಯರ್‌ಫೋನ್ ಬೇಡ, ಹಿಂದಿನದನ್ನು ಮೊದಲು ತಿಳಿಸುವುದು ಕಿವಿಯೇ.

ದೀಪ ಮುಂದೆ ಬಿಳಿ, ಹಿಂದೆ ಕೆಂಪು. ಬೀದಿದೀಪವಿರುವ ಕಡೆ ನೀವು ಇತರರಿಗೆ ಕಾಣಲು 100 ಲ್ಯೂಮೆನ್ (ದೀಪದ ಬೆಳಕಿನ ಅಳತೆ) ಸಾಕು. ಕತ್ತಲ ರಸ್ತೆಯಲ್ಲಿ ಗುಂಡಿ ನಿಮಗೆ ಕಾಣಬೇಕಾದರೆ 300ರಿಂದ 400. ಬೆಳಕಿನ ನಡುಭಾಗ 8ರಿಂದ 10 ಮೀಟರು ಮುಂದೆ ನೆಲಕ್ಕೆ ಬೀಳುವಂತೆ ಬಾಗಿಸಿ. ಎದುರಿನವರ ಕಣ್ಣಿಗೆ ಹೊಡೆದರೆ ಅವರಿಗೆ ನೀವೂ ಕಾಣುವುದಿಲ್ಲ, ರಸ್ತೆಯೂ ಕಾಣುವುದಿಲ್ಲ. ಹಿಂದಿನ ದೀಪ ಬರೀ ಮಿನುಗುತ್ತಿದ್ದರೆ ಎಷ್ಟು ದೂರವಿದ್ದೀರೆಂದು ಅಳೆಯುವುದು ಕಷ್ಟ, ಒಂದಾದರೂ ಸ್ಥಿರವಾಗಿ ಉರಿಯಲಿ. ಹೊಳೆಯುವ ಪಟ್ಟಿಯನ್ನು ಬೆನ್ನಿಗೆ ಕಟ್ಟುವುದಕ್ಕಿಂತ ಕಣಕಾಲಿಗೆ ಕಟ್ಟುವುದು ಮೇಲು. ಮೇಲೆ ಕೆಳಗೆ ಆಡುವ ಬೆಳಕು ನೋಡಿದೊಡನೆ ಸೈಕಲ್ಲೆಂದು ತಿಳಿಯುತ್ತದೆ. ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳಷ್ಟು ಮೇಲಿರಲಿ, ಹಿಂದಕ್ಕೆ ವಾಲಿದ ಹೆಲ್ಮೆಟ್ಟು ಹಣೆ ಕಾಯುವುದಿಲ್ಲ. ಒಮ್ಮೆ ಬಲವಾಗಿ ಪೆಟ್ಟು ತಿಂದದ್ದನ್ನು ಮತ್ತೆ ಬಳಸಬೇಡಿ.

ಬೆವರು

ಬೆನ್ನಿನ ಚೀಲವನ್ನು ಕ್ಯಾರಿಯರಿಗೆ ಇಳಿಸಿದರೆ ಅರ್ಧ ಸಮಸ್ಯೆ ತೀರಿತು. ಹಿಂಚಕ್ರದ ಪಕ್ಕಕ್ಕೆ ತೂಗುಹಾಕುವ ಚೀಲ ಕೊಳ್ಳುವಾಗ ತುಳಿಯುವ ಹಿಮ್ಮಡಿ ಅದಕ್ಕೆ ಬಡಿಯುವುದಿಲ್ಲವೇ ನೋಡಿ. ಹೊರಡುವಾಗ ಸ್ವಲ್ಪ ಚಳಿಯೆನ್ನಿಸುವಷ್ಟೇ ಬಟ್ಟೆ ಹಾಕಿ, ಹತ್ತು ನಿಮಿಷದಲ್ಲಿ ಮೈ ಬಿಸಿಯೇರುತ್ತದೆ. ಕೊನೆಯ ಒಂದೂವರೆ ಕಿಲೋಮೀಟರನ್ನು ಬೇಕೆಂದೇ ನಿಧಾನ ತುಳಿಯಿರಿ.

ಬೆವರು ನಿಜಕ್ಕೂ ಕಿತ್ತುಬರುವುದು ನಿಂತ ಮೇಲೆ. ಓಡುವಾಗಿನ ಗಾಳಿ ನಿಂತುಹೋಗಿರುತ್ತದೆ, ಮೈಯ ಬಿಸಿ ಇನ್ನೂ ಇಳಿದಿರುವುದಿಲ್ಲ. ಬಂದ ತಕ್ಷಣ ಹೊಸ ಅಂಗಿ ತೊಟ್ಟವರು ಎರಡು ಅಂಗಿ ಒದ್ದೆ ಮಾಡಿಕೊಳ್ಳುತ್ತಾರೆ. ಹತ್ತು ನಿಮಿಷ ಫ್ಯಾನಿನಡಿ ಕೂತು, ಮುಖ, ಕುತ್ತಿಗೆ, ಕಂಕುಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಟವೆಲ್ಲಿನಿಂದ ಮತ್ತೆ ಒರೆಸಿ, ಆಮೇಲೆ ಬಟ್ಟೆ ಬದಲಿಸಿ. ನಾತ ಬರುವುದು ತಾಜಾ ಬೆವರಿಗಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾದಿಂದ. ಮನೆಯಿಂದ ಸ್ನಾನ ಮಾಡಿ, ಒಗೆದ ಬಟ್ಟೆಯಲ್ಲಿ ಹೊರಟವರಿಗೆ ಆಫೀಸಿನಲ್ಲಿ ಶವರ್ ಇಲ್ಲದಿದ್ದರೂ ನಡೆಯುತ್ತದೆ. ಶೂ, ಬೆಲ್ಟು, ಒಂದು ಪ್ಯಾಂಟು ಆಫೀಸಿನ ಡ್ರಾಯರಿನಲ್ಲೇ ಇರಲಿ. ಅಂಗಿಯನ್ನು ಮಡಚುವ ಬದಲು ಸುರುಳಿ ಸುತ್ತಿದರೆ ಸುಕ್ಕು ಕಡಿಮೆ. ತುಳಿದು ಬಂದ ಬಟ್ಟೆಯನ್ನು ಚೀಲದೊಳಗೆ ತುರುಕದೆ ಗಾಳಿಯಾಡುವಲ್ಲಿ ಹರಡಿ.

ದಟ್ಟ ಹೊಗೆಯ ರಸ್ತೆಯಾದರೆ ಮೊದಲ ಮದ್ದು ಪಕ್ಕದ ಬೀದಿ, ಎರಡನೆಯದು ಹೊಗೆಯುಗುಳುವ ಬಸ್ಸಿನ ಹಿಂದೆ ದೂರ ಉಳಿಯುವುದು. ಮಾಸ್ಕ್ ಬೇಕೆಂದರೆ ಮೂಗಿನ ಸುತ್ತ ಸಂದಿಲ್ಲದೆ ಕೂರುವ ಎನ್95 ಹಾಕಿ. ಬಟ್ಟೆಯ ಮಾಸ್ಕು ಸೂಕ್ಷ್ಮ ಕಣಗಳನ್ನು ಹೆಚ್ಚು ತಡೆಯುವುದಿಲ್ಲ.

ಮಳೆ

ಮಳೆಯಲ್ಲಿ ಮೇಲಿನಿಂದ ಬೀಳುವ ನೀರಿಗಿಂತ ಕೆಳಗಿನಿಂದ ಚಿಮ್ಮುವ ನೀರು ಹೆಚ್ಚು ಹಾಳುಮಾಡುತ್ತದೆ. ಪೂರ್ಣ ಉದ್ದದ ಮಡ್‌ಗಾರ್ಡು, ಮುಂದಿನದಕ್ಕೆ ನೆಲದ ಹತ್ತಿರದವರೆಗೆ ಬರುವ ರಬ್ಬರ್ ತುಂಡು ಇದ್ದರೆ ಶೂ ಮತ್ತು ಚೈನು ಎರಡೂ ಉಳಿಯುತ್ತವೆ. ಬೆಚ್ಚಗಿನ ಮಳೆಯಲ್ಲಿ ರೇನ್‌ಕೋಟು ತೊಟ್ಟರೆ ಹೊರಗಿನ ನೀರಿನ ಬದಲು ಒಳಗಿನ ಬೆವರಿನಲ್ಲಿ ನೆನೆಯುತ್ತೀರಿ. ನೆನೆಯಲೆಂದೇ ಒಂದು ಬಟ್ಟೆ, ನೀರು ಹೋಗದ ಚೀಲದಲ್ಲಿ ಒಣ ಬಟ್ಟೆ, ಇದು ವಾಸಿ. ಚಳಿಯ ಮಳೆಗೆ ಮಾತ್ರ ಕಂಕುಳಲ್ಲಿ ಗಾಳಿಕಿಂಡಿಯಿರುವ ಜಾಕೆಟ್ಟು ಬೇಕು.

ಒಣ ದಿನಗಳ ನಂತರ ಬೀಳುವ ಮೊದಲ ಮಳೆಯ ಶುರುವಿನಲ್ಲಿ ರಸ್ತೆ ಅತಿ ಜಾರು, ಕೂತಿದ್ದ ಎಣ್ಣೆಯೂ ದೂಳೂ ನೀರಿನ ಮೇಲೆ ಎದ್ದುಬರುತ್ತವೆ. ಬಣ್ಣದ ಗೆರೆ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಒದ್ದೆ ಎಲೆಗಳ ಮೇಲೆ ತಿರುಗಬೇಡಿ, ಬ್ರೇಕೂ ಬೇಡ. ರಿಮ್ ಬ್ರೇಕು ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ನೀರನ್ನು ಒರೆಸುವುದರಲ್ಲೇ ಹೋಗುತ್ತದೆ, ಅದಕ್ಕೆ ಬಹಳ ಮುಂಚೆ ಮೆಲ್ಲಗೆ ಹಿಡಿಯಲು ಶುರುಮಾಡಿ. ನಿಂತ ನೀರಿನ ಅಡಿಯಲ್ಲಿ ಏನಿದೆಯೆಂದು ಕಾಣದು, ಸುತ್ತಿ ಹೋಗಿ. ನೆನೆದ ಶೂಗೆ ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಸಂಜೆಗೆ ಮೆಟ್ಟುವ ಹಾಗಾಗುತ್ತದೆ.

ಬೀಗ

ಹೆಣೆದ ತಂತಿಯ ಕೇಬಲ್ ಬೀಗವನ್ನು ಕೈಯಲ್ಲಿ ಹಿಡಿಯುವ ಕಟರ್ ಕ್ಷಣದಲ್ಲಿ ಕತ್ತರಿಸುತ್ತದೆ. ಗಟ್ಟಿ ಉಕ್ಕಿನ, 13 ಮಿ.ಮೀ. ಅಥವಾ ಹೆಚ್ಚು ದಪ್ಪದ, ಯು ಆಕಾರದ ಬೀಗ, ಅಂದರೆ ಯು-ಲಾಕ್ ಬೇಕು. ಕೇಬಲ್ ಮುಂಚಕ್ರಕ್ಕೆ ಜೊತೆಗಿರಲಿ. ಯು-ಲಾಕನ್ನು ಹಿಂಚಕ್ರ ಮತ್ತು ಫ್ರೇಮ್ ಎರಡನ್ನೂ ಸೇರಿಸಿ ಕಂಬಕ್ಕೆ ಹಾಕಿ. ಬೀಗದೊಳಗೆ ಖಾಲಿ ಜಾಗ ಉಳಿದಷ್ಟೂ ಕಳ್ಳರಿಗೆ ಸನ್ನೆಗೋಲು ಹಾಕಿ ಮೀಟಲು ಅನುಕೂಲ, ಚಿಕ್ಕ ಬೀಗವೇ ಒಳ್ಳೆಯದು. ಮುಂಚಕ್ರವನ್ನಷ್ಟೇ ಕಟ್ಟಿದವರಿಗೆ ಸಂಜೆ ಮುಂಚಕ್ರವಷ್ಟೇ ಸಿಗುತ್ತದೆ. ಕಟ್ಟುವ ಮೊದಲು ಕಂಬವನ್ನು ಒಮ್ಮೆ ಅಲ್ಲಾಡಿಸಿ. ನೆಲದಿಂದ ಎದ್ದುಬರುವ ಕಂಬಗಳೂ, ಸೈಕಲ್ಲನ್ನೇ ಮೇಲಕ್ಕೆತ್ತಿ ತೆಗೆಯಬಹುದಾದ ಗಿಡ್ಡ ಕಂಬಗಳೂ ಇರುತ್ತವೆ. ಕೀಲಿಯ ಬಾಯಿ ಕೆಳಮುಖವಾಗಿರಲಿ. ದಿನಾ ಒಂದೇ ಜಾಗದಲ್ಲಿ ಕಟ್ಟುವವರು ಭಾರದ ಬೀಗವನ್ನು ಅಲ್ಲೇ ಬಿಟ್ಟುಬರಬಹುದು. ದೀಪ, ಪಂಪು ಬಿಚ್ಚಿಕೊಂಡು ಹೋಗಿ. ಪೆಡಲಿನ ನಡುವಿನ ಕೊಳವೆಯ ಅಡಿಯಲ್ಲಿ ಸಾಮಾನ್ಯವಾಗಿ ಸೈಕಲ್ಲಿನ ಸಂಖ್ಯೆ ಕೊರೆದಿರುತ್ತದೆ. ಸೈಕಲ್ ತಲೆಕೆಳಗು ಮಾಡಿ ಅದರ ಫೋಟೋ ಇವತ್ತೇ ತೆಗೆದಿಟ್ಟುಕೊಳ್ಳಿ, ಕಳವಿನ ದೂರಿಗೆ ಕೇಳುವುದು ಅದನ್ನೇ.

ಮೊದಲ ತಿಂಗಳು, ಮೊದಲ ರಿಪೇರಿ

ವಾರಕ್ಕೆ ಎರಡು ದಿನದಿಂದ ಶುರುಮಾಡಿ, ನಡುವೆ ಒಂದು ದಿನ ಬಿಡುವು. ಕೂರುವ ಮೂಳೆಗಳ ನೋವು ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಅದಕ್ಕೆಂದು ದಪ್ಪ ಮೆತ್ತೆಯ ಸೀಟು ಹಾಕಿಸಿದರೆ ಮೆತ್ತೆ ನಡುವೆ ಒತ್ತಿಕೊಂಡು ನೋವು ಹೆಚ್ಚಬಹುದು. ಸುಸ್ತಾದ ಸಂಜೆ ಸೈಕಲ್ಲನ್ನು ಆಫೀಸಿನಲ್ಲೇ ಬಿಟ್ಟು ಬಸ್ಸು ಹತ್ತುವುದು ಸೋಲಲ್ಲ, ಅದೂ ಏರ್ಪಾಡಿನ ಭಾಗವೇ. ಹೊರಡುವ ಮುನ್ನ ಅರ್ಧ ನಿಮಿಷದ ತಪಾಸಣೆ ಮಾತ್ರ ತಪ್ಪಿಸಬೇಡಿ: ಎರಡೂ ಟೈರು ಒತ್ತಿ, ಎರಡೂ ಬ್ರೇಕು ಹಿಡಿದು ತಳ್ಳಿ, ಚಕ್ರವನ್ನು ಬಿಗಿಯುವ ಹಿಡಿಕೆ (ಕ್ವಿಕ್ ರಿಲೀಸ್) ಮುಚ್ಚಿದೆಯೇ ನೋಡಿ, ಸೈಕಲ್ಲನ್ನು ನಾಲ್ಕು ಬೆರಳೆತ್ತರದಿಂದ ನೆಲಕ್ಕೆ ಬಿಟ್ಟು ಹೊಸ ಗಲಗಲ ಸದ್ದಿದೆಯೇ ಕೇಳಿ.

ಹೊಸ ಸೈಕಲ್ಲಿನ ಕೇಬಲ್ಲುಗಳೂ ಕಡ್ಡಿಗಳೂ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸಡಿಲಾಗಿ ಕೂರುತ್ತವೆ. ಆಗ ಗೇರು ತಾನೇ ಹಾರುತ್ತದೆ, ಬ್ರೇಕು ಸಡಿಲಾಗುತ್ತದೆ. ಕೆಟ್ಟಿತೆಂದು ಗಾಬರಿ ಬೇಡ, ಮೊದಲ ಸರ್ವಿಸ್ ಇರುವುದೇ ಅದಕ್ಕೆ. ಪೆಡಲು ನೀವೇ ಬದಲಿಸುವುದಾದರೆ ಎಡ ಪೆಡಲಿನ ತಿರುಪು ಉಲ್ಟಾ ಎಂಬುದು ನೆನಪಿರಲಿ. ಬಲಪ್ರಯೋಗ ಮಾಡಿದರೆ ಕ್ರ್ಯಾಂಕಿನ ಎಳೆಗಳೇ ಹೋಗುತ್ತವೆ. ಕ್ರ್ಯಾಂಕು ಅತ್ತಿತ್ತ ಆಡುತ್ತಿದ್ದರೆ, ಚಕ್ರ ಬ್ರೇಕ್ ಪ್ಯಾಡಿಗೆ ತಾಗುವಷ್ಟು ಓಲಾಡುತ್ತಿದ್ದರೆ ಮೆಕ್ಯಾನಿಕ್ಕಿಗೆ ಬಿಡಿ.

ದಾರಿಯಲ್ಲಿ 'ಟಣ್' ಎಂದು ಕಡ್ಡಿ ಮುರಿದರೆ, ಸಾಮಾನ್ಯವಾಗಿ ಅದು ಹಿಂಚಕ್ರದ ಚೈನಿನ ಬದಿಯದು, ನಿಂತು ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ ಟೇಪು ಹಾಕಿ. ಸೊಟ್ಟಗಾದ ರಿಮ್ಮು ಪ್ಯಾಡಿಗೆ ಉಜ್ಜಿದರೆ ಆ ಬ್ರೇಕಿನ ಕೇಬಲ್ಲನ್ನು ಉಜ್ಜದಿರುವಷ್ಟು ಸಡಿಲಿಸಿ. ಮುಂದಿನ ಬ್ರೇಕು ಸರಿಯಿರುವವರೆಗೆ ನಿಧಾನವಾಗಿ, ಗುಂಡಿ ತಪ್ಪಿಸುತ್ತ ಅಂಗಡಿಯವರೆಗೆ ಹೋಗಬಹುದು. ಆದರೆ ಅದೇ ದಿನ ಹೋಗಿ. ಒಂದು ಕಡ್ಡಿಯ ಭಾರ ಪಕ್ಕದವುಗಳ ಮೇಲೆ ಬಿದ್ದಿರುತ್ತದೆ, ವಾರ ಬಿಟ್ಟರೆ ಇನ್ನೆರಡು ಮುರಿಯುತ್ತವೆ.